ಭಾನುವಾರದ ಚರ್ಚೆಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಈ ಸಲದ ಕಥೆ ಅಮೆರಿಕದ ಲೇಖಕಿ ಜಾಯ್ಸ್ ಕ್ಯಾರಲ್ ಓಟ್ಸ್ ಅವರ ‘ವೇರ್ ಆರ್ ಯು ಗೋಯಿಂಗ್, ವೇರ್ ಹ್ಯಾವ್ ಯು ಬೀನ್?’ (1966). ಮನೆಯಲ್ಲಿ ಒಬ್ಬಳೇ ಇರುವ ಹುಡುಗಿ ಕಾನಿಯನ್ನು ಕರೆದೊಯ್ಯಲು ಬರುವ ಅಪರಿಚಿತ ಆರ್ನಾಲ್ಡ್ ಫ್ರೆಂಡ್ ಸೈತಾನನೋ ಮನುಷ್ಯನೋ ಎಂಬಲ್ಲೇ ದಯವಿಟ್ಟು ಸಿಕ್ಕಿಹಾಕಿಕೊಳ್ಳಬೇಡಿ, ಆ ಜಗಳ ಮುಗಿಯುವುದಿಲ್ಲ. ವಿಗ್‌ನಂತಹ ಕೂದಲು, ಕಪ್ಪು ಕನ್ನಡಕ, ಒಳಗೇನೋ ತುರುಕಿದಂತಿರುವ ಬೂಟು, ಬಂಗಾರದ ಬಣ್ಣದ ಕಾರು: ಹರೆಯದವರ ವೇಷ ತೊಟ್ಟು ಬಂದ ಕೇಡು ಅದು.

ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಕಾನಿಯ ಮನೆಯ ಜಾಲರಿ ಬಾಗಿಲು. ಅವನು ಅದನ್ನು ಮುರಿಯುವುದೇ ಇಲ್ಲ. ಒಳಗೆ ಬರಲ್ಲ ಅಂತ ಮಾತು ಕೊಡುತ್ತಾನೆ. ಫೋನ್ ಮುಟ್ಟಿದರೆ ಆ ಮಾತು ಇರಲ್ಲ ಅನ್ನುತ್ತಾನೆ. ಮನೆಯವರ ಹೆಸರೆತ್ತಿ ಬೆದರಿಸುತ್ತಾನೆ, ನಡುನಡುವೆ ಮುದ್ದುಗರೆಯುತ್ತಾನೆ. ಕೊನೆಗೆ ಕಾನಿ ತಾನೇ ಬಾಗಿಲು ತಳ್ಳುತ್ತಾಳೆ. ಯಾವ ಮಾತಿಗೆ ಅವಳು ಕುಸಿದಳು? ಆ ಸಾಲಿಗೆ ಗುರುತು ಹಾಕಿಕೊಂಡು ಬನ್ನಿ.

ಬರೀ ಈ ಕಥೆ ಆಧರಿಸಿದ 1985ರ ಸಿನಿಮಾ ‘ಸ್ಮೂತ್ ಟಾಕ್’ ನೋಡಿ ಬರುವವರಿಗೆ: ಅದರ ಕೊನೆ ಬೇರೆ, ಕಥೆ ಓದಲೇಬೇಕು.