ಗೆಳೆಯನಿಗೊಂದು ಪತ್ರ: ನಮ್ಮ ಮೇಡಂ ಬಗ್ಗೆ

ಪ್ರೀತಿಯ ಗೆಳೆಯಾ,

ಭತ್ಯೆಗೆ ಅರ್ಜಿ ಹಾಕುವವರಿಗೆ ಸಲಹೆ ಕೊಡುತ್ತಿದ್ದ ನಮ್ಮ ಮೇಡಂ ತೀರಿಹೋದರು ಅಂತ ಅವತ್ತು ಒಂದು ಸಾಲು ಕಳಿಸಿದ್ದೆ ಅಷ್ಟೇ, ಜಾಸ್ತಿ ಬರೆಯಲು ಆಗಿರಲಿಲ್ಲ. ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಕರುಣಾಮಯಿ ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು ಕಣೋ. ಕರುಣೆಯಿಂದ ಯಾರ ಮನೆ ಬಾಡಿಗೆಯೂ ಕಟ್ಟಲು ಆಗಲ್ಲ ಅಂತ ಗದರುತ್ತಿದ್ದವರು ಅವರು!

ನನಗೆ ನೆನಪಾಗುವುದು ಅವರು ಕೇಳುತ್ತಿದ್ದ ಪ್ರಶ್ನೆಗಳು. ನೆರವು ಕೇಳಿ ಬಂದವರಿಗೆ ಪಿಪ್ ಫಾರ್ಮ್ ತುಂಬಿಕೊಡುತ್ತಿದ್ದೆವಲ್ಲ, ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇರುವವರಿಗೆ ಬ್ರಿಟನ್ನಿನಲ್ಲಿ 2013ರಲ್ಲಿ ಬಂದ ಭತ್ಯೆ (ಬೇರೆಯವರೂ ಓದುತ್ತಾರೆ ಅಂತ ಬಿಡಿಸಿ ಬರೆಯುತ್ತಿದ್ದೇನೆ, ನಗಬೇಡ). ಅಡುಗೆ ಮಾಡಲು ಆಗುತ್ತದಾ, ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು ಆಗುತ್ತದಾ, ಒಂದೊಂದಕ್ಕೂ ಕಷ್ಟ ಇದ್ದಷ್ಟು ಪಾಯಿಂಟ್. ಒಟ್ಟು 8 ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ, 7ಕ್ಕೆ ನಿಂತರೆ ಏನೂ ಇಲ್ಲ. ಬಂದವರಿಗೋ ಮರ್ಯಾದೆಯ ಚಿಂತೆ. 'ಹೂಂ, ಹೇಗೋ ಮಾಡಿಕೊಳ್ಳುತ್ತೇನೆ' ಅನ್ನುತ್ತಿದ್ದರು. ಮೇಡಂ ಪೆನ್ನು ಕೆಳಗಿಡುತ್ತಿದ್ದರು. ಮಾಡಿದ ಮೇಲೆ ಏನಾಗುತ್ತೆ? ಎಷ್ಟು ಹೊತ್ತು ಮಲಗುತ್ತೀರಿ? ನಾಳೆ ಮತ್ತೆ ಮಾಡುತ್ತೀರಾ?

ನಿಯಮದಲ್ಲೇ ಹಾಗಿದೆಯಲ್ಲ. ಅಪಾಯವಿಲ್ಲದೆ, ತಕ್ಕಮಟ್ಟಿಗೆ ಸರಿಯಾಗಿ, ಬೇಕಾದಷ್ಟು ಸಲ, ವಿಪರೀತ ಹೊತ್ತು ಹಿಡಿಯದೆ ಮಾಡಲು ಬಂದರೆ ಮಾತ್ರ ಆ ಕೆಲಸ 'ಆಗುತ್ತದೆ' ಅಂತ ಲೆಕ್ಕ. ಆ ಬೆನ್ನುನೋವಿನ ಮನುಷ್ಯ ನೆನಪಿದ್ದಾರಾ, ಅಡುಗೆ ತಾನೇ ಮಾಡುತ್ತೇನೆ ಅಂತ ಹೆಮ್ಮೆಯಿಂದ ಹೇಳಿದವರು? ಮೇಡಂ ಕೇಳುತ್ತಾ ಹೋದರು. ತರಕಾರಿ ಹೆಚ್ಚುತ್ತಾ ನಡುವೆ ನೆಲದ ಮೇಲೆ ಮಲಗಿಬಿಡುತ್ತಾರೆ, ಏಳಲಾಗದೆ ಒಲೆ ಉರಿಯುತ್ತಲೇ ಇರುತ್ತದೆ, ಪಾತ್ರೆ ಕೈಜಾರಿ ಕಾಲು ಸುಟ್ಟುಕೊಂಡಿದ್ದಾರೆ, ಅದನ್ನು ಹೆಂಡತಿಗೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಅಂದರೆ, ಯಾರೂ ಕೇಳಿರಲಿಲ್ಲ ಅಂದರು. ಮೇಡಂ ಅಯ್ಯೋ ಅನ್ನಲಿಲ್ಲ. ಅವರ ಮಾತಿನಲ್ಲೇ ಎಲ್ಲ ಬರೆದುಕೊಂಡು ಓದಿ ತೋರಿಸಿದರು. ಆ ಮನುಷ್ಯನಿಗೆ ಪಿಪ್ ಸಿಕ್ಕಿತು.

ಇನ್ನು ತಾರೀಕಿನ ಹುಚ್ಚು! ಯಾರಾದರೂ ತಿರಸ್ಕಾರದ ಪತ್ರ ಹಿಡಿದು ಅಳುತ್ತಾ ಬಂದರೆ ಇವರು ಮೊದಲು ನೋಡುತ್ತಿದ್ದದ್ದು ಅದರ ತಾರೀಕು. ಮರುಪರಿಶೀಲನೆ ಕೇಳಲು ಒಂದು ತಿಂಗಳು, ಅದೂ ಬಿದ್ದುಹೋದರೆ ಅಪೀಲು ಕೇಳುವ ಟ್ರಿಬ್ಯೂನಲ್‌ಗೆ ಹೋಗಲು ಮತ್ತೊಂದು ತಿಂಗಳು. ಆಗ ನನಗೆ ಕಲ್ಲು ಮನಸ್ಸು ಅನಿಸಿತ್ತು. ಅಳುವುದಕ್ಕೆ ಸಮಯ ಸಿಗಲಿ ಅಂತಲೇ ಮೊದಲು ತಾರೀಕು ನೋಡುತ್ತಿದ್ದರು ಅಂತ ಈಗ ಅನಿಸುತ್ತೆ. 2013ರ ಏಪ್ರಿಲ್‌ನಲ್ಲಿ ಇಂಥ ಕೇಸುಗಳಿಗೆ ಸರ್ಕಾರದ ಕಾನೂನು ನೆರವನ್ನು ಬಹುಪಾಲು ಕಿತ್ತುಹಾಕಿದರು, ಪಿಪ್ ಶುರುವಾದದ್ದೂ ಅದೇ ತಿಂಗಳು. ನಿಯಮ ಹೊಸದು, ಕೇಳಲು ವಕೀಲರಿಲ್ಲ. ಆ ಸಿಟ್ಟು ಅವರಿಗೆ ಕೊನೆಯವರೆಗೂ ಇಳಿಯಲಿಲ್ಲ.

ಅವರ ಮೇಜಿನ ಮೇಲಿದ್ದ ಭತ್ಯೆ ನಿಯಮಗಳ ದಪ್ಪ ಕೈಪಿಡಿ, ಚೈಲ್ಡ್ ಪಾವರ್ಟಿ ಆಕ್ಷನ್ ಗ್ರೂಪ್ ಅನ್ನುವ ಸಂಸ್ಥೆ ವರ್ಷಾ ವರ್ಷ ತರುತ್ತದಲ್ಲ ಅದು, ಈಗ ನನ್ನ ಹತ್ತಿರ ಇದೆ. ಅಂಚಿನ ತುಂಬಾ ಪೆನ್ಸಿಲ್ ಗೀಚು. ಅರ್ಧ ಓದಲು ಬರಲ್ಲ, ನಿನಗೆ ಅವರ ಕೈಬರಹ ಗೊತ್ತಲ್ವಾ.

ಮುಂದಿನ ತಿಂಗಳು ಅವರು ಹಿಡಿದಿದ್ದ ಒಂದು ಅಪೀಲು ಟ್ರಿಬ್ಯೂನಲ್ ಮುಂದೆ ಬರುತ್ತಿದೆ. ನಾನೇ ಹೋಗಬೇಕು. ಒಬ್ಬ ಜಡ್ಜ್, ಒಬ್ಬ ಡಾಕ್ಟರ್, ಅಂಗವೈಕಲ್ಯದ ವಿಷಯ ತಿಳಿದ ಇನ್ನೊಬ್ಬರು, ಮೂವರೂ ಎದುರಿಗೆ ಕೂತಿರುತ್ತಾರೆ. ಅಲ್ಲಿಗೆ ಮೇಡಂ ಜೊತೆ ಹೋಗುತ್ತಿದ್ದವನು ನೀನು. ನಿನ್ನ ಹಳೆಯ ನೋಟ್ಸ್ ಇದ್ದರೆ ಈ ವಾರವೇ ಕಳಿಸು, ಒಂದು ಫೋನೂ ಮಾಡು.

ನಿನ್ನ ಗೆಳೆಯ