ಹೆದರಿ ಓಡಿದವರ ಸುವಾರ್ತೆ

ಪ್ರೀತಿಯ ಗೆಳೆಯಾ,

ಹೋದ ಸಲ ಸಿಕ್ಕಾಗ ಕೇಳಿದ್ದೆಯಲ್ಲ, ‘ಕೊನೆ ಗೊತ್ತಿರೋ ಕಥೆಯನ್ನೇ ಮತ್ತೆ ಮತ್ತೆ ಓದ್ತೀಯ, ಬೇಜಾರಾಗಲ್ವಾ?’ ಅಂತ. ಆಗ ಸುಮ್ನೆ ನಕ್ಕುಬಿಟ್ಟೆ. ಉತ್ತರ ಈಗ ಬರೀತಿದ್ದೀನಿ.

ಚರ್ಚಿನಲ್ಲಿ ನಾವು ಸುವಾರ್ತೆಯನ್ನು, ಅಂದರೆ ಬೈಬಲಿನಲ್ಲಿರುವ ಯೇಸುವಿನ ಕಥೆಯನ್ನು, ತುಂಡು ತುಂಡಾಗಿ ಕೇಳುತ್ತೇವೆ. ಈ ಭಾನುವಾರ ಹತ್ತು ವಚನ, ಮುಂದಿನ ವಾರ ಇನ್ನೆಲ್ಲಿಯದೋ ಹತ್ತು. ಮೊನ್ನೆ ಮಳೆ ಹಿಡಿದ ದಿನ ಮಾರ್ಕನು ಬರೆದದ್ದನ್ನು ಕೂತಲ್ಲೇ ಓದಿ ಮುಗಿಸಿದೆ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು.

ಈ ಮಾರ್ಕ ದೊಡ್ಡ ಕಿಲಾಡಿ ಕಣೋ. ಯೇಸು ಯಾರು ಅನ್ನುವುದನ್ನು ಮೊದಲ ಸಾಲಿನಲ್ಲೇ ನಮಗೆ ಹೇಳಿಬಿಡುತ್ತಾನೆ. ಪಾಪ, ಶಿಷ್ಯರಿಗೆ ಗೊತ್ತಿಲ್ಲ. ಎಂಟನೇ ಅಧ್ಯಾಯದ ದೋಣಿ ನೋಡು. ಐದು ರೊಟ್ಟಿಯಲ್ಲಿ 5,000 ಜನ, ಏಳರಲ್ಲಿ 4,000 ಜನ ಉಂಡದ್ದನ್ನು ಕಣ್ಣಾರೆ ಕಂಡವರು, ದೋಣಿಯಲ್ಲಿ ಒಂದೇ ರೊಟ್ಟಿ ಇದೆ ಅಂತ ಪೇಚಾಡುತ್ತಾರೆ. ಯೇಸು ಮೇಷ್ಟ್ರ ಥರ ಲೆಕ್ಕ ಕೇಳುತ್ತಾನೆ. ಆವತ್ತು ಎಷ್ಟು ಪುಟ್ಟಿ ಉಳಿಯಿತು? ಹನ್ನೆರಡು. ಇನ್ನೊಂದು ಸಲ? ಏಳು. ಉತ್ತರ ಸರಿ, ಆದರೂ ತಲೆಗೆ ಹತ್ತಿಲ್ಲ! ನನಗೆ ನಗು ಬಂತು. ಆಮೇಲೆ ತಿಂಗಳ ಕೊನೆಯ ನನ್ನ ಪೇಚಾಟ ನೆನಪಾಯಿತು.

ಮುಂದೆ ಒಬ್ಬೊಬ್ಬರೇ ಕೈಕೊಡುತ್ತಾರೆ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ಅನ್ನುವ ಜಾಗದಲ್ಲಿ ಶಿಷ್ಯರಿಗೆ ನಿದ್ದೆ, ಆಮೇಲೆ ಓಟ. ಶಿಷ್ಯ ಪೇತ್ರನಾದರೂ ಮಹಾಯಾಜಕನ ಅಂಗಳದ ತನಕ ಬಂದನಲ್ಲ ಅಂದುಕೊಂಡರೆ, ಕೆಲಸದ ಹುಡುಗಿಯ ಮಾತಿಗೇ ಹೆದರಿ ಯೇಸುವನ್ನು ಅರಿಯೆ ಅನ್ನುತ್ತಾನೆ. ಉಳಿದವರು ಹೆಂಗಸರು. ಶಿಲುಬೆಯನ್ನು ದೂರದಿಂದಾದರೂ ನೋಡಿದವರು, ಬೆಳಗಾಗುತ್ತಲೇ ಸಮಾಧಿಗೆ ಹೋದವರು. ಯೇಸು ಎದ್ದಿದ್ದಾನೆ ಅಂತ ಅಲ್ಲಿದ್ದ ಯುವಕ ಸುದ್ದಿ ಹೇಳಿ ಕಳಿಸಿದರೆ, ಅವರೂ ನಡುಗುತ್ತಾ ಓಡಿಹೋಗಿ ಯಾರಿಗೂ ಏನೂ ಹೇಳುವುದಿಲ್ಲ.

ಅಷ್ಟೇ. ನಮ್ಮ ಬೈಬಲಿನಲ್ಲಿ ಇನ್ನೂ 12 ವಚನ ಇವೆ, ನಿಜ. ಆದರೆ ಸೀನಾಯ್, ವ್ಯಾಟಿಕನ್ ಅನ್ನುವ ನಾಲ್ಕನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿಗಳಲ್ಲಿ ಮಾರ್ಕನ ಕಥೆ ಇಲ್ಲಿಗೇ ನಿಲ್ಲುತ್ತದೆ. ಉಳಿದದ್ದು ಆಮೇಲೆ ಸೇರಿದ್ದು ಅನ್ನುತ್ತಾರೆ ಬಹಳಷ್ಟು ಪಂಡಿತರು. ಮೊದಲ ಸಲ ಕೇಳಿದಾಗ ಸಿಟ್ಟೇ ಬಂದಿತ್ತು. ಈಗ ಈ ಅರ್ಧಕ್ಕೆ ನಿಂತ ಕೊನೆಯೇ ಜಾಸ್ತಿ ಹಿಡಿಸುತ್ತದೆ. ಸುದ್ದಿ ಗೊತ್ತಿದ್ದವರೆಲ್ಲ ಓಡಿಹೋದರು. ಪುಸ್ತಕ ಹಿಡಿದು ಕೂತ ನಾನೊಬ್ಬ ಉಳಿದೆ.

ಇನ್ನೊಂದು ಮಾತು. ಆ ಯುವಕ ಶಿಷ್ಯರಿಗೂ ‘ಪೇತ್ರನಿಗೂ’ ಹೇಳಿ ಅನ್ನುತ್ತಾನೆ. ಮತ್ತಾಯನು ಬರೆದ ಸುವಾರ್ತೆಯಲ್ಲಿ ಬರೀ ಶಿಷ್ಯರು. ಮೂರು ಸಲ ಯೇಸುವನ್ನು ಅರಿಯೆ ಅಂದವನಿಗೆ ಬೇರೆಯಾಗಿ ಕರೆ ಹೋಯಿತು. ನಮ್ಮಲ್ಲಿ ಮದುವೆಗೆ ಕರೆಯುವಾಗ ಮುನಿಸಿಕೊಂಡ ಮನೆಗೆ ಇನ್ನೊಮ್ಮೆ ಹೋಗಿ ಕರೆಯುವುದಿಲ್ವಾ, ಹಾಗೆ. ನಾನು ಚರ್ಚಿನ ಕಡೆ ತಲೆ ಹಾಕದಿದ್ದ ಮೂರು ವರ್ಷ ನಿನಗೆ ಗೊತ್ತಲ್ಲ. ವಾಪಸು ಬಂದದ್ದು ಯಾರ ಪ್ರಸಂಗ ಕೇಳಿಯೂ ಅಲ್ಲ, ಆ ಒಂದು ಪದ ಓದಿ.

ಒಂದು ಸಂಜೆ ಬಿಡುವು ಮಾಡಿಕೊಂಡು ಓದು. ಕೊನೇ ಅಧ್ಯಾಯದ ಎಂಟನೇ ವಚನಕ್ಕೆ ನಿಲ್ಲಿಸು. ಆಮೇಲೆ ಫೋನ್ ಮಾಡು, ಜಗಳ ಆಡೋಣ.

ನಿನ್ನ ಗೆಳೆಯ