ಹಳೆ ಕಂಪ್ಯೂಟರ್ ಮಾರುವ ಮುಂಚೆ ಟೆಂಪ್ ಫೋಲ್ಡರ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ಪರಿಚಯದವರೊಬ್ಬರು ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡು, ಸರಿ ಮಾಡಿಕೊಡಿ ಅಂತ ತೀರ್ಥಹಳ್ಳಿಯ ನನ್ನ ಅಂಗಡಿಗೆ ತಂದಿಟ್ಟರು. ಮುಂಚೆ ಅದು ಒಂದು ಸಹಕಾರ ಸಂಘದಲ್ಲಿತ್ತು. ಸದಸ್ಯರ ಮಾಹಿತಿಯೆಲ್ಲ ಇರುವ ಡೇಟಾಬೇಸ್ ತೆಗೆದಿದ್ದರು, ಸಾಫ್ಟ್‌ವೇರೂ ತೆಗೆದಿದ್ದರು. ಆದರೆ ತಾತ್ಕಾಲಿಕ ಫೈಲುಗಳು ಕೂರುವ ಟೆಂಪ್ ಫೋಲ್ಡರ್ ತೆರೆದರೆ '~ವಿಎಸ್' ಅಂತ ಶುರುವಾಗುವ ಫೈಲುಗಳು ರಾಶಿ ಬಿದ್ದಿದ್ದವು. ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಸದಸ್ಯರ ಹೆಸರು, ಊರು, ಮೊಬೈಲ್ ನಂಬರ್, ಆಧಾರ್ ನಂಬರ್, ಸಾಲದ ಬಾಕಿ, ಎಲ್ಲ ಒಂದರ ಕೆಳಗೊಂದು. ನನಗೆ ಗುರುತಿರುವ ಅಜ್ಜಿಯೊಬ್ಬರ ಹೆಸರೂ ಇತ್ತು. ಎದೆ ಧಸಕ್ಕೆಂದಿತು. ಮುಂದೆ ಓದದೆ ಮುಚ್ಚಿಬಿಟ್ಟೆ.

ಇದು ಹೇಗಾಗುತ್ತದೆ ಅಂದರೆ, ಡೇಟಾಬೇಸ್ ನೋಡಿಕೊಳ್ಳಲು ಬಳಸುವ ಎಸ್‌ಕ್ಯುಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಂಥ ಟೂಲಿನಲ್ಲಿ ಹೊಸ ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ) ಬರೆಯುವ ವಿಂಡೋ ತೆರೆದರೆ, ಸೇವ್ ಮಾಡದಿದ್ದರೂ ಅದಕ್ಕೊಂದು ಫೈಲ್ ಟೆಂಪ್‌ನಲ್ಲಿ ಹುಟ್ಟುತ್ತದೆ. ಡೇಟಾಬೇಸಿನ ಟೇಬಲ್ಲಿನ ಮಾಹಿತಿಯನ್ನೆಲ್ಲ ಆ ವಿಂಡೋಗೆ ಸುರಿದುಕೊಂಡರೆ ಅದೂ ಅಲ್ಲೇ ಇರಬಹುದು. ಇದಲ್ಲದೆ ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ನಿಮಿಷಕ್ಕೊಮ್ಮೆ ಇನ್ನೊಂದು ಪ್ರತಿ ಡಾಕ್ಯುಮೆಂಟ್ಸ್ ಒಳಗಿನ ಬ್ಯಾಕಪ್ ಫೋಲ್ಡರಿಗೆ ಹೋಗುತ್ತದೆ. ಟೂಲನ್ನು ಸರಿಯಾಗಿ ಮುಚ್ಚದಿದ್ದರೆ ಇವು ಹಾಗೇ ಉಳಿದುಬಿಡಬಹುದು.

ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ವಾ? ಜೋರು ಗಾಳಿ ಬಂದು ಎಲ್ಲೋ ಒಂದು ಮರ ಬಿದ್ದರೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾದರೆ ಕಂಪ್ಯೂಟರೂ ಆ ಕ್ಷಣಕ್ಕೇ ಆಫ್. ಹಾಗೆ ಆಫ್ ಆದಾಗಲೆಲ್ಲ ಫೈಲುಗಳು ಜಾಸ್ತಿಯಾಗುತ್ತವೆ.

ಇವು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ, ಅರ್ಧ ದಿನ ಕೂತು ಬರೆದ ಕ್ವೆರಿ ಕರೆಂಟಿನ ಜೊತೆ ಹೋಯಿತು ಅಂದುಕೊಂಡಿದ್ದೆ. ಟೂಲ್ ಮತ್ತೆ ತೆರೆದಾಗ ಪೂರ್ತಿ ವಾಪಸ್ ಬಂತು. ಇನ್ನೊಂದು ಮಾತು, ಟೆಂಪ್ ಥರ ಕಾಣುವ ಎಲ್ಲವನ್ನೂ ಸುಮ್ನೆ ಅಳಿಸಬಾರದು. ಎಸ್‌ಕ್ಯುಲೈಟ್ ಅನ್ನುವ ಬಗೆಯ ಡೇಟಾಬೇಸ್ ಫೈಲಿನ ಪಕ್ಕದಲ್ಲಿರುವ 'ವಾಲ್' (ಹೆಸರಿನ ಕೊನೆಗೆ -wal ಇರುವ) ಫೈಲಿನಲ್ಲಿ, ಮುಖ್ಯ ಫೈಲಿಗೆ ಇನ್ನೂ ಸೇರದ ಲೆಕ್ಕ ಇರಬಹುದು. ಅಳಿಸಿದರೆ ಆ ಲೆಕ್ಕವೇ ಹೋಯಿತು.

ಕಂಪ್ಯೂಟರ್ ಬೇರೆಯವರ ಕೈಗೆ ಹೋಗುವಾಗಿನ ಮಾತೇ ಬೇರೆ. ಬೇಕಾದ್ದನ್ನು ಬ್ಯಾಕಪ್ ತೆಗೆದುಕೊಂಡು ಡಿಸ್ಕ್ ಪೂರ್ತಿ ಅಳಿಸಲೇಬೇಕು. ಬರೀ ಡಿಲೀಟ್ ಒತ್ತಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಜೋಪಾನ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ದಂಡ ಹಾಗಿರಲಿ, ಆ ಅಜ್ಜಿ ಸಂಘವನ್ನು ನಂಬಿ ಆಧಾರ್ ಕಾರ್ಡ್ ಕೊಟ್ಟವರು. ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ನನ್ನಂಥವರು, ಯಾವ ಟೂಲ್ ಎಲ್ಲೆಲ್ಲಿ ಏನು ಬಿಡುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಕೊಡಬೇಕು. ನಾನು ಕೊಡಲು ಶುರು ಮಾಡಿದ್ದೇನೆ.

ತಂದವರನ್ನು ಕೇಳಿ ಆ ಡಿಸ್ಕನ್ನು ಪೂರ್ತಿ ಅಳಿಸಿದೆ. ಸಂಘದವರಿಗೂ ಫೋನ್ ಮಾಡಿ ಹೇಳಿದೆ. ಅದೇ ಸಲ ಮಾರಿದ ಇನ್ನೂ ನಾಲ್ಕು ಕಂಪ್ಯೂಟರ್ ಈಗ ಎಲ್ಲಿವೆ ಅಂತ ಅವರು ಹುಡುಕುತ್ತಿದ್ದಾರೆ.

ಒಬ್ಬ ಕಂಪ್ಯೂಟರ್ ರಿಪೇರಿಯವ, ತೀರ್ಥಹಳ್ಳಿ